ಚಿಟಿಕೆ ಬೆರಕೆಯ ಬಲ: ಅಲ್ಯೂಮಿನಿಯಂ–ಸಿಲಿಕಾನ್ ಮಿಶ್ರಲೋಹಗಳು

ದಾವಣಗೆರೆ ಮತ್ತು ಹರಿಹರ ತಾಲ್ಲೂಕುಗಳಲ್ಲಿ ಭದ್ರಾ ನಾಲೆಯ ಕೊನೆಯಂಚಿನಲ್ಲಿ ಗದ್ದೆಗಳಿರುವ ರೈತರಿಗೆ ನೀರಿನ ಬವಣೆ ಹೊಸದೇನಲ್ಲ. ಮೇಲ್ಭಾಗದಲ್ಲಿ ತುಂಬಿ ಹರಿದ ನೀರು ತಮ್ಮ ಪಾಲಿಗೆ ಬರುವ ಹೊತ್ತಿಗೆ ಕ್ಷೀಣಿಸಿದಾಗ, ಹಳ್ಳಕ್ಕೋ ಹೊಳೆಗೋ ಡೀಸೆಲ್ ಪಂಪುಸೆಟ್ಟನ್ನು ಇಳಿಸಿ ಪೈರನ್ನು ಉಳಿಸಿಕೊಂಡವರು ಅನೇಕರು. ನಿಮಿಷಕ್ಕೆ 1500 ಸುತ್ತು ತಿರುಗುವ ಅಂಥ ಎಂಜಿನ್ನಿನಲ್ಲಿ ಪಿಸ್ಟನ್ನು ಅಷ್ಟೇ ಸಲ ಮೇಲೇರಿ ಕೆಳಗಿಳಿಯುತ್ತದೆ. ಅದರ ನೆತ್ತಿಗೆ ಬೆಂಕಿ ತಾಗುತ್ತದೆ. ಪಕ್ಕಗಳು ಉಕ್ಕಿನಷ್ಟೇ ಗಡಸಾದ ಗೋಡೆಗೆ ಉಜ್ಜುತ್ತವೆ. ಇಷ್ಟನ್ನು ಸಹಿಸುವ ಆ ವಸ್ತುವನ್ನು ಕೈಯಲ್ಲಿ ಹಿಡಿದು ನೋಡಿದರೆ ಹಗುರ. ಅದು ಅಲ್ಯೂಮಿನಿಯಂ. ಆದರೆ ಅಪ್ಪಟ ಅಲ್ಯೂಮಿನಿಯಂ ಅಲ್ಲ. ಹಳ್ಳಿಯ ಮನೆಗಳಲ್ಲಿ ಹಿರಿಯರು ‘ಜರ್ಮನ್ ಪಾತ್ರೆ’ ಎಂದು ಕರೆಯುತ್ತಿದ್ದ ತೆಳುವಾದ ತಪಲೆ ಹೊಸ್ತಿಲಿಗೆ ತಗುಲಿದರೂ ತಗ್ಗು ಬೀಳುತ್ತಿತ್ತೆಂಬುದನ್ನು ನೆನೆದರೆ, ಅಪ್ಪಟ ಲೋಹದಿಂದ ಪಿಸ್ಟನ್ನಿನ ಕೆಲಸ ನಡೆಯದೆಂಬುದು ಸುಲಭವಾಗಿ ಮನದಟ್ಟಾಗುತ್ತದೆ.

‘ಬೆರಕೆ’ ಎಂಬ ಮಾತಿಗೆ ನಮ್ಮ ಪೇಟೆಯಲ್ಲಿ ಒಳ್ಳೆಯ ಹೆಸರಿಲ್ಲ. ಹಾಲಿಗೆ ನೀರು, ತುಪ್ಪಕ್ಕೆ ಡಾಲ್ಡಾ, ಬೇಳೆಗೆ ಕಲ್ಲು ಎಂಬ ಅರ್ಥದಲ್ಲಿಯೇ ಅದು ಹೆಚ್ಚಾಗಿ ಬಳಕೆಯಾಗಿದೆ. ಲೋಹಶಾಸ್ತ್ರದಲ್ಲಿ ಮಾತ್ರ ಬೆರಕೆಯು ಗುಣವೂ ಹೌದು, ದೋಷವೂ ಹೌದು. ಯಾವುದನ್ನು ಬೆರೆಸಲಾಗಿದೆ, ಎಷ್ಟು ಬೆರೆಸಲಾಗಿದೆ, ಯಾವಾಗ ಬೆರೆಸಲಾಗಿದೆ ಎಂಬುದರ ಮೇಲೆ ಅದು ನಿಂತಿದೆ. ನೂರು ಕಿಲೋಗ್ರಾಂ ಲೋಹಕ್ಕೆ ಹತ್ತು ಗ್ರಾಂ ಬೆರಕೆ ಬಿದ್ದರೆ ಎರಕದ ವಸ್ತುವಿನ ಸ್ವಭಾವವೇ ಬದಲಾಗುತ್ತದೆಂಬುದು ಕೇಳಲು ಅಚ್ಚರಿಯೆನಿಸಿದರೂ ದಿಟವಾದ ಸಂಗತಿ.

ಮೊದಲು ಮೂಲ ಲೋಹದ ವಿಚಾರ. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಮರಳಿನಲ್ಲಿಯೂ ಬೆಣಚುಕಲ್ಲಿನಲ್ಲಿಯೂ ಆಮ್ಲಜನಕದೊಡನೆ ಕೂಡಿಕೊಂಡಿರುವ ಸಿಲಿಕಾನ್ ಕರಗಬೇಕಾದರೆ 1414 ಡಿಗ್ರಿ ಬೇಕು. ಇವೆರಡನ್ನೂ ಶೇಕಡಾ 12.6ರಷ್ಟು ಸಿಲಿಕಾನ್ ಇರುವಂತೆ ಕೂಡಿಸಿದಾಗ ಮಿಶ್ರಣವು 577 ಡಿಗ್ರಿಯಲ್ಲಿಯೇ ದ್ರವವಾಗುತ್ತದೆ. ಎರಡರ ಕರಗುವ ಬಿಂದುಗಳಿಗಿಂತಲೂ ಕೆಳಗಿನ ಈ ಮಟ್ಟದ ಮಿಶ್ರಣಕ್ಕೆ ‘ಯೂಟೆಕ್ಟಿಕ್’ ಎಂದು ಹೆಸರು. ಈ ಲೋಹವು ಅಚ್ಚಿನ ಸಣ್ಣ ಸಂದುಗಳಿಗೂ ನೀರಿನಂತೆ ಹರಿಯುತ್ತದೆ. ಅಲ್ಲದೆ ಸಿಲಿಕಾನ್ ಗಟ್ಟಿಯಾಗುವಾಗ ಹಿಗ್ಗುವ ಸ್ವಭಾವದ್ದಾದುದರಿಂದ, ಅಲ್ಯೂಮಿನಿಯಂ ಕುಗ್ಗುವುದರಿಂದಾಗುವ ನಷ್ಟವನ್ನು ಅಷ್ಟಿಷ್ಟು ತುಂಬಿಕೊಡುತ್ತದೆ. ಎರಕದವರಿಗೆ ಇದಕ್ಕಿಂತ ಅನುಕೂಲವಾದ ಲೋಹ ಅಪರೂಪ.

ಆದರೆ ಇದರಲ್ಲೊಂದು ತೊಡಕಿದೆ. ಘನ ಅಲ್ಯೂಮಿನಿಯಂ 577 ಡಿಗ್ರಿಯಲ್ಲಿ ಶೇಕಡಾ 1.65ರಷ್ಟು ಸಿಲಿಕಾನನ್ನು ಮಾತ್ರ ತನ್ನೊಳಗೆ ಇರಿಸಿಕೊಳ್ಳಬಲ್ಲದು. ತಣ್ಣಗಾದಂತೆ ಅದೂ ಇಳಿಯುತ್ತದೆ. ಉಳಿದದ್ದು ಬೇರೆಯಾಗಿ ಗಟ್ಟಿಯಾಗಲೇಬೇಕು. ನಿಧಾನವಾಗಿ ತಣಿಯುವ ಮರಳಿನ ಅಚ್ಚಿನಲ್ಲಿ ಅದು ಒರಟಾದ ಹಲ್ಲೆಗಳ ರೂಪ ತಾಳುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೆದುವಾದ ಬಿಳಿಯ ಲೋಹದೊಳಗೆ ಒಡೆದ ಗಾಜಿನ ಚೂರುಗಳನ್ನು ನೆಟ್ಟಂತೆ ಕಾಣುತ್ತದೆ. ಸಿಲಿಕಾನ್ ಗಡಸು, ಜೊತೆಗೆ ಪೆಡಸು. ವಸ್ತುವನ್ನು ಎಳೆದಾಗ ಬಿರುಕು ಈ ಹಲ್ಲೆಗಳ ತುದಿಯಿಂದಲೇ ಹೊರಡುತ್ತದೆ.

ಹರಿಹರದ ಹಳೆಯ ಕೆಲಸಗಾರರಿಗೆ ಇದನ್ನು ವಿವರಿಸಬೇಕಾಗಿಲ್ಲ. 1941ರಲ್ಲಿ ಅಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಲೇತುಗಳಿಗೆ ಹೆಸರಾಗಿತ್ತು. ಲೇತಿನ ಹಾಸನ್ನು ಎರೆಯುವುದು ಬೂದು ಬಣ್ಣದ ಬೀಡು ಕಬ್ಬಿಣದಲ್ಲಿ. ಅದರೊಳಗೂ ಇಂಥದೇ ಹಲ್ಲೆಗಳಿರುತ್ತವೆ. ಅವು ಸಿಲಿಕಾನಿನವಲ್ಲ, ಗ್ರಾಫೈಟಿನವು. ಕಂಪನವನ್ನು ನುಂಗುವ ಗುಣ ಅವುಗಳಿಂದ ಬರುತ್ತದೆ, ಸುತ್ತಿಗೆಯ ಪೆಟ್ಟಿಗೆ ಒಡೆಯುವ ಗುಣವೂ ಅವುಗಳಿಂದಲೇ ಬರುತ್ತದೆ. ಅದೇ ಬೀಡಿಗೆ ಶೇಕಡಾ 0.04ರಷ್ಟು ಮೆಗ್ನೀಸಿಯಂ ಉಳಿಯುವಂತೆ ಸೇರಿಸಿದರೆ ಗ್ರಾಫೈಟು ಗುಂಡಗಾಗಿ, ಕಬ್ಬಿಣವು ಬಾಗುವ ಗುಣವನ್ನು ಪಡೆಯುತ್ತದೆ. 1940ರ ದಶಕದ ಕೊನೆಯಲ್ಲಿ ಬೆಳಕಿಗೆ ಬಂದ ಈ ವಿದ್ಯೆಗೆ ಅಲ್ಯೂಮಿನಿಯಂ ಕಾಲು ಶತಮಾನದಷ್ಟು ಮೊದಲೇ ದಾರಿ ತೋರಿಸಿತ್ತು. ಹರಿಹರದ ಆ ಕಾರ್ಖಾನೆ ಈ ಶತಮಾನದ ಆರಂಭದ ಹೊತ್ತಿಗೆ ಮುಚ್ಚಿತು. ಅಚ್ಚು ಕಟ್ಟುವ, ಲೋಹದ ಬಣ್ಣ ನೋಡಿ ಬಿಸಿಯನ್ನು ಅಂದಾಜು ಮಾಡುವ ಕೈಗಳು ಚದುರಿಹೋದದ್ದು, ಯಂತ್ರಗಳು ನಿಂತುಹೋದದ್ದಕ್ಕಿಂತ ಸಣ್ಣ ನಷ್ಟವೆಂದು ಹೇಳಲಾಗದು.

ಅಲ್ಯೂಮಿನಿಯಂ–ಸಿಲಿಕಾನ್ ಲೋಹದ ಹಣೆಬರಹವನ್ನು ತಿದ್ದಿದವನು ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ರಸಾಯನಶಾಸ್ತ್ರಜ್ಞ ಆಲಡಾರ್ ಪಾಟ್ಸ್. ವಿದ್ಯುದ್ದೀಪದೊಳಗಿನ ಟಂಗ್‌ಸ್ಟನ್ ತಂತಿ ಬಿಸಿಗೆ ಜೋತುಬೀಳದಂತೆ ಮಾಡಿದವನೂ ಈತನೇ. ಕರಗಿದ ಮಿಶ್ರಲೋಹವನ್ನು ಸೋಡಿಯಂ ಫ್ಲೋರೈಡಿನೊಡನೆ ಉಪಚರಿಸಿದರೆ ಎರಕವು ಒಡಕುಗುಣವನ್ನು ಬಿಟ್ಟು ಬಲವನ್ನೂ ಬಾಗನ್ನೂ ಪಡೆಯುತ್ತದೆಂದು ಈತನು ಕಂಡುಕೊಂಡನು. 1921ರಲ್ಲಿ ಇದಕ್ಕೆ ಅಮೆರಿಕದ ಪೇಟೆಂಟ್ ದೊರೆಯಿತು. ಉಪ್ಪಿನಿಂದ ಬಿಡುಗಡೆಯಾಗಿ ಲೋಹವನ್ನು ಸೇರುತ್ತಿದ್ದ ಅತ್ಯಲ್ಪ ಸೋಡಿಯಮ್ಮೇ ಆ ಕೆಲಸವನ್ನು ಮಾಡುತ್ತಿತ್ತು. ಶೇಕಡಾ 0.01, ಅಂದರೆ ನೂರು ಕಿಲೋಗ್ರಾಂ ಲೋಹದಲ್ಲಿ ಹತ್ತು ಗ್ರಾಂ ಸೋಡಿಯಂ ಉಳಿದರೆ ಸಾಕು, ಹಲ್ಲೆಗಳಂತಿದ್ದ ಸಿಲಿಕಾನ್ ಹವಳದ ಕವಲುಗಳಂತೆ ನಯವಾದ ನಾರುಗಳಾಗುತ್ತದೆ. ಮೊದಲು ಶೇಕಡಾ ಒಂದೆರಡರಷ್ಟು ಹಿಗ್ಗುವುದರೊಳಗೆ ತುಂಡಾಗುತ್ತಿದ್ದ ಸರಳು ಆ ಬಳಿಕ ಅದರ ಹಲವು ಪಟ್ಟು ಹಿಗ್ಗುತ್ತದೆ. ರಾಸಾಯನಿಕವಾಗಿ ನೋಡಿದರೆ ಎರಡೂ ಒಂದೇ ಲೋಹ. ಬದಲಾದದ್ದು ಸಿಲಿಕಾನಿನ ಆಕಾರ ಮಾತ್ರ.

ಇಷ್ಟು ಸಣ್ಣ ಪ್ರಮಾಣಕ್ಕೆ ಇಷ್ಟು ದೊಡ್ಡ ಫಲ ಹೇಗೆ? ಗಾರೆಯವನು ಇಟ್ಟಿಗೆಯ ವರಸೆಗಳನ್ನು ಕಟ್ಟುತ್ತಿರುವಾಗ ನಡುವೆ ಬೇರೆ ಅಳತೆಯ ಒಂದು ಇಟ್ಟಿಗೆ ಸೇರಿಕೊಂಡರೆ ಮೇಲಿನ ವರಸೆ ನೆಟ್ಟಗೆ ಸಾಗದು. ಅಲ್ಲಿಂದ ಗೋಡೆ ಓರೆಯಾಗುತ್ತದೆ. ಸಿಲಿಕಾನ್ ಹರಳು ಬೆಳೆಯುವುದೂ ಪರಮಾಣುಗಳ ವರಸೆ ವರಸೆಯಾಗಿಯೇ. ಬೆಳೆಯುತ್ತಿರುವ ಮೆಟ್ಟಿಲಿಗೆ ಗಾತ್ರದಲ್ಲಿ ದೊಡ್ಡದಾದ ಪರಕೀಯ ಪರಮಾಣು ಅಂಟಿಕೊಂಡಾಗ ವರಸೆ ತಪ್ಪಿ ಹರಳು ಮಗ್ಗುಲು ಹೊರಳಿಸುತ್ತದೆ, ಕವಲೊಡೆಯುತ್ತದೆ. 1987ರಲ್ಲಿ ಲೂ ಮತ್ತು ಹೆಲಾವೆಲ್ ಎಂಬ ವಿಜ್ಞಾನಿಗಳು ಮಂಡಿಸಿದ ವಿವರಣೆಯ ಸಾರ ಇದು. ಸಿಲಿಕಾನ್ ಪರಮಾಣುವಿನ ಸುಮಾರು 1.65 ಪಟ್ಟು ತ್ರಿಜ್ಯವುಳ್ಳ ಪರಮಾಣು ಈ ಕೆಲಸಕ್ಕೆ ಅತಿ ತಕ್ಕದ್ದೆಂದು ಅವರು ಲೆಕ್ಕಹಾಕಿದರು. ಬಳಿಕದ ಸಂಶೋಧಕರು ಈ ವಿವರಣೆಗೆ ತಿದ್ದುಪಡಿಗಳನ್ನು ಸೂಚಿಸಿದ್ದಾರೆ. ಆದರೂ ಅದರ ಮೂಲ ವಿಚಾರವು ಇಂದಿಗೂ ಪಾಠದಲ್ಲಿ ಉಳಿದಿದೆ.

ಸೋಡಿಯಂ ಒಳ್ಳೆಯ ಆಳು, ಆದರೆ ನಿಲ್ಲುವ ಆಳಲ್ಲ. ಅದು 883 ಡಿಗ್ರಿಯಲ್ಲಿ ಕುದಿಯುತ್ತದೆ. 740 ಡಿಗ್ರಿಯ ಕರಗಿದ ಲೋಹದೊಳಗೆ ಬಿದ್ದೊಡನೆ ಆವಿಯಾಗತೊಡಗಿ, ಅರ್ಧ ಗಂಟೆಯೊಳಗೆ ಅದರ ಫಲ ಬಹುಮಟ್ಟಿಗೆ ಇಳಿದುಹೋಗುತ್ತದೆ. ಮೂಸೆಯ ಮೊದಲ ಲೋಹದಿಂದ ಎರೆದ ವಸ್ತು ಗಟ್ಟಿಮುಟ್ಟಾಗಿದ್ದು ಕೊನೆಯದು ಪೆಡಸಾಗಿದ್ದರೆ ಕಾರಣವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಸೋಡಿಯಂ ನೀರು ತಗುಲಿದರೆ ಉರಿಯುವ ವಸ್ತುವಾದುದರಿಂದ ಅದನ್ನು ಕಾಪಾಡಿಡುವುದೂ ಕಷ್ಟ. ಆದುದರಿಂದ ಈಗ ಹೆಚ್ಚಿನ ಕಡೆ ಅದರ ಬದಲು ಸ್ಟ್ರಾನ್ಷಿಯಮ್ಮನ್ನು ಬಳಸುತ್ತಾರೆ. ಶೇಕಡಾ ಹತ್ತರಷ್ಟು ಸ್ಟ್ರಾನ್ಷಿಯಂ ಇರುವ ಅಲ್ಯೂಮಿನಿಯಂ ಸರಳುಗಳು ದೊರೆಯುತ್ತವೆ. ನೂರು ಕಿಲೋಗ್ರಾಂ ಲೋಹದಲ್ಲಿ ಶೇಕಡಾ 0.02 ಬರಬೇಕಾದರೆ ಅಂಥ ಸರಳು 200 ಗ್ರಾಂ ಬೇಕು. ಇದರ ಫಲ ಗಂಟೆಗಟ್ಟಲೆ ನಿಲ್ಲುತ್ತದೆ. ಆದರೆ ಸ್ಟ್ರಾನ್ಷಿಯಂ ಹಾಕಿದ ಎರಕದಲ್ಲಿ ಸಣ್ಣ ರಂಧ್ರಗಳು ಚದುರಿಕೊಂಡು ಕಾಣುವುದು ಸಾಮಾನ್ಯ. ಕರಗಿದ ಅಲ್ಯೂಮಿನಿಯಂ ತೇವದಿಂದ ಜಲಜನಕವನ್ನು ಹೀರಿ, ಗಟ್ಟಿಯಾಗುವಾಗ ಅದನ್ನು ಹೊರದೂಡುತ್ತದೆ. ಮಳೆಗಾಲದಲ್ಲಿ ಹೊರಗೆ ಬಿದ್ದಿದ್ದ ಒದ್ದೆ ಗುಜರಿಯನ್ನು ನೇರವಾಗಿ ಮೂಸೆಗೆ ಹಾಕುವುದು ಈ ದೋಷವನ್ನು ಕರೆದು ಕೂರಿಸಿದಂತೆ. ಒದ್ದೆ ಲೋಹ ಸಿಡಿದು ಮೈ ಸುಡುವ ಅಪಾಯ ಬೇರೆ. ಗುಜರಿಯನ್ನು ಮೊದಲು ಕಾಯಿಸಿ ಒಣಗಿಸಬೇಕು. ಎರೆಯುವ ಮುನ್ನ ಒಣ ಸಾರಜನಕವನ್ನೋ ಆರ್ಗಾನನ್ನೋ ಹಾಯಿಸಿ ಲೋಹದಿಂದ ಅನಿಲವನ್ನು ಹೊರತೆಗೆಯಬೇಕು.

ಮೂರನೆಯದು ಆಂಟಿಮನಿ. ಇದು ಶೇಕಡಾ 0.1ರಿಂದ 0.2ರವರೆಗೆ ಬೇಕಾಗುತ್ತದೆ. ಸಿಲಿಕಾನನ್ನು ನಾರಾಗಿಸದೆ ನಯವಾದ ತೆಳು ಪದರಗಳನ್ನಾಗಿ ಮಾಡುತ್ತದೆ. ಮತ್ತೆ ಕರಗಿಸಿದರೂ ಇದರ ಫಲ ಕೆಡದು. ಗುಣವಾದ ಈ ಮೊಂಡುತನವೇ ದೋಷವೂ ಆಗಿದೆ. ಆಂಟಿಮನಿ ಸೋಡಿಯಮ್ಮಿಗೂ ಸ್ಟ್ರಾನ್ಷಿಯಮ್ಮಿಗೂ ಆಗದು. ಅವು ಒಂದನ್ನೊಂದು ಕಟ್ಟಿಹಾಕಿ ಎರಡರ ಕೆಲಸವೂ ಕೆಡುತ್ತದೆ. ಆಂಟಿಮನಿ ಇದ್ದ ಹಳೆಯ ಎರಕ ಗುಜರಿಯ ರಾಶಿಗೆ ಸೇರಿತೆಂದರೆ ಮುಂದೆ ಸ್ಟ್ರಾನ್ಷಿಯಂ ಹಾಕುವವನಿಗೆ ಕಾರಣ ತಿಳಿಯದೆಯೇ ಸೋಲು ಕಾದಿರುತ್ತದೆ. ಇದರ ಹೊಗೆ ವಿಷಕಾರಿಯೆಂಬುದನ್ನೂ ಮರೆಯಲಾಗದು.

ಇಲ್ಲಿಯವರೆಗೆ ಹೇಳಿದವು ಬೆಳೆಯುವ ಹರಳಿನ ಆಕಾರವನ್ನು ತಿದ್ದುವ ಬೆರಕೆಗಳು. ಹರಳು ಹುಟ್ಟುವುದಕ್ಕೇ ನೆರವಾಗುವ ಬೆರಕೆಗಳು ಬೇರೆ. ಹಾಲಿಗೆ ಹೆಪ್ಪು ಹಾಕುವುದನ್ನು ಬಲ್ಲ ಮನೆಯವರಿಗೆ ಇದು ಹೊಸ ವಿಚಾರವಲ್ಲ, ಹೋಲಿಕೆ ಪೂರ್ತಿ ಸರಿಹೊಂದದಿದ್ದರೂ. ಸಿಲಿಕಾನ್ ಶೇಕಡಾ 12.6ನ್ನು ಮೀರಿದ ಲೋಹದಲ್ಲಿ ಮೊದಲು ದಪ್ಪ ಸಿಲಿಕಾನ್ ಹರಳುಗಳು ಮೂಡುತ್ತವೆ. ಅಲ್ಲಿ ರಂಜಕವನ್ನು ಸೇರಿಸಿದರೆ ಅಲ್ಯೂಮಿನಿಯಂ ಫಾಸ್ಫೈಡಿನ ಕಣಗಳುಂಟಾಗುತ್ತವೆ. ಅವುಗಳ ಒಳರಚನೆ ಸಿಲಿಕಾನಿನದಕ್ಕೆ ಬಹಳ ಹತ್ತಿರ. ಕಣಕ್ಕೊಂದರಂತೆ ಹರಳು ಹುಟ್ಟುವುದರಿಂದ ಕೆಲವೇ ದಪ್ಪ ಹರಳುಗಳ ಬದಲು ಅಸಂಖ್ಯಾತ ಸಣ್ಣ ಹರಳುಗಳು ದೊರೆಯುತ್ತವೆ. ಆದರೆ ರಂಜಕವೂ ಸೋಡಿಯಮ್ಮೂ ಹಾವು ಮುಂಗುಸಿ. ಒಂದಿರುವಲ್ಲಿ ಇನ್ನೊಂದು ನಿಷ್ಫಲ.

ಅಲ್ಯೂಮಿನಿಯಮ್ಮಿನ ಕಣಗಳನ್ನೇ ಸಣ್ಣದಾಗಿಸಲು ಟೈಟಾನಿಯಂ ಮತ್ತು ಬೋರಾನ್ ಇರುವ ಮಾತೃಮಿಶ್ರಲೋಹವನ್ನು ಬಳಸುತ್ತಾರೆ. ಶೇಕಡಾ ಐದು ಟೈಟಾನಿಯಂ, ಒಂದು ಬೋರಾನ್ ಇರುವ ಸರಳು ಲೋಕಪ್ರಸಿದ್ಧ. ಅಪ್ಪಟ ಅಲ್ಯೂಮಿನಿಯಮ್ಮಿನಲ್ಲಿ ಅದರ ಕೆಲಸ ಸೊಗಸು. ಸಿಲಿಕಾನ್ ಶೇಕಡಾ ಮೂರನ್ನು ದಾಟಿದಂತೆ ಅದರ ಶಕ್ತಿ ಕುಂದುತ್ತದೆ. ಸಿಲಿಕಾನ್ ಟೈಟಾನಿಯಮ್ಮಿನೊಡನೆ ಕೂಡಿ ಆ ಬೀಜಕಣಗಳನ್ನು ನಿಸ್ಸತ್ವಗೊಳಿಸುತ್ತದೆ. ಲೋಹಶಾಸ್ತ್ರಜ್ಞರು ಇದನ್ನು ವಿಷವೇರಿಕೆಯೆಂದೇ ಕರೆಯುತ್ತಾರೆ. ಈ ತೊಡಕಿನ ಮೇಲೆ ನಡೆದ ಸಂಶೋಧನೆಯಲ್ಲಿ ಕನ್ನಡ ನಾಡಿನ ಪಾಲೂ ಇದೆಯೆಂಬುದು ಸಂತೋಷದ ಸಂಗತಿ. ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವು ನಡೆಸುತ್ತಿರುವ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕರಾಗಿದ್ದ ಡಾ. ಎಸ್. ಎ. ಕೋರಿಯವರು ಖರಗ್‌ಪುರದ ಐ.ಐ.ಟಿ.ಯ ಬಿ. ಎಸ್. ಮೂರ್ತಿ ಮತ್ತು ಎಂ. ಚಕ್ರವರ್ತಿಯವರೊಡನೆ ಶೇಕಡಾ ಏಳು ಸಿಲಿಕಾನ್ ಇರುವ ಲೋಹಕ್ಕೆ ತಕ್ಕ ಕಣಸಂಸ್ಕಾರಕವನ್ನು ಹುಡುಕಿ, 2000ದಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಟೈಟಾನಿಯಂ ಹೆಚ್ಚು, ಬೋರಾನ್ ಕಡಿಮೆ ಎಂಬ ರೂಢಿಯ ಪ್ರಮಾಣವನ್ನು ತಿರುವುಮುರುವು ಮಾಡಿ, ಬೋರಾನ್ ಹೆಚ್ಚಾಗಿರುವ ಮಾತೃಲೋಹವನ್ನು ಹಾಕಿದರೆ ಸಿಲಿಕಾನಿನ ನಡುವೆಯೂ ಕಣಗಳು ಸಣ್ಣಗಾಗುತ್ತವೆಂದೂ, ಜೊತೆಗೆ ಸ್ಟ್ರಾನ್ಷಿಯಮ್ಮನ್ನು ಕೊಟ್ಟರೆ ಸಿಲಿಕಾನ್ ಕೂಡ ನಯವಾಗುತ್ತದೆಂದೂ ಅವರು ತೋರಿಸಿದರು. 2002ರಲ್ಲಿ ಮೂವರೂ ಸೇರಿ ಬರೆದ ಸಮೀಕ್ಷಾ ಲೇಖನವನ್ನು ಜಗತ್ತಿನ ಅನೇಕ ಪ್ರಯೋಗಾಲಯಗಳು ಉಲ್ಲೇಖಿಸಿವೆ. ಕಣವನ್ನು ಸಣ್ಣದಾಗಿಸುವುದು ಬೇರೆ, ಸಿಲಿಕಾನಿನ ಆಕಾರವನ್ನು ತಿದ್ದುವುದು ಬೇರೆ. ಒಂದನ್ನು ಮಾಡಿ ಇನ್ನೊಂದೂ ಆಯಿತೆಂದು ಭಾವಿಸುವುದು ಎರಕದ ಮನೆಗಳಲ್ಲಿ ಇಂದಿಗೂ ಕಾಣುವ ತಪ್ಪು.

ಇನ್ನು ಬಲವನ್ನೇ ನೇರವಾಗಿ ಹೆಚ್ಚಿಸುವ ಬೆರಕೆಗಳು. ಇವುಗಳಲ್ಲಿ ಮೆಗ್ನೀಸಿಯಮ್ಮಿಗೆ ಅಗ್ರಸ್ಥಾನ. ಶೇಕಡಾ ಏಳು ಸಿಲಿಕಾನಿಗೆ 0.3ರ ಆಸುಪಾಸಿನ ಮೆಗ್ನೀಸಿಯಂ ಸೇರಿದ ಲೋಹವನ್ನು ನಮ್ಮ ಎರಕದವರು ಬ್ರಿಟಿಷ್ ಪದ್ಧತಿಯಂತೆ ಎಲ್.ಎಂ. 25 ಎನ್ನುತ್ತಾರೆ. ಎರಕ ಹೊಯ್ದಂತೆಯೇ ಬಿಟ್ಟರೆ ಇದರ ಕರ್ಷಣ ಬಲ ಚದರ ಮಿಲಿಮೀಟರಿಗೆ 130ರಿಂದ 150 ನ್ಯೂಟನ್. ಅದನ್ನೇ 540 ಡಿಗ್ರಿಯ ಸಮೀಪ ಹಲವು ಗಂಟೆ ಕಾಯಿಸಿ, ನೀರಿನಲ್ಲಿ ಅದ್ದಿ ತಟಕ್ಕನೆ ತಣಿಸಿ, ಮತ್ತೆ 160 ಡಿಗ್ರಿಯ ಆಸುಪಾಸಿನಲ್ಲಿ ನಿಧಾನವಾಗಿ ಪಕ್ವಗೊಳಿಸಿದರೆ ಬಲವು 230ರಿಂದ 280ಕ್ಕೆ ಏರುತ್ತದೆ. ಮೆಗ್ನೀಸಿಯಂ ಸಿಲಿಕಾನಿನೊಡನೆ ಕೂಡಿದ, ಕಣ್ಣಿಗೂ ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಕಿರಿದಾದ ಕಣಗಳು ಲೋಹದ ತುಂಬ ಹರಡಿಕೊಂಡು ಪದರಗಳು ಜಾರದಂತೆ ತಡೆಯುವುದೇ ಇದಕ್ಕೆ ಕಾರಣ. ಸ್ಟ್ರಾನ್ಷಿಯಮ್ಮಿನಿಂದ ಮೊದಲೇ ನಯವಾದ ಸಿಲಿಕಾನ್ ಈ ಕಾಯಿಸುವಿಕೆಯಲ್ಲಿ ಬೇಗ ಗುಂಡಗಾಗುವುದೂ ಒಂದು ಲಾಭ. ಆದರೆ ಮೆಗ್ನೀಸಿಯಂ ಕರಗಿದ ಲೋಹದ ಮೇಲ್ಮೈಯಲ್ಲಿ ಉರಿದು ನಷ್ಟವಾಗುವ ವಸ್ತು. ಗುಜರಿಯನ್ನು ಪದೇ ಪದೇ ಕರಗಿಸುವವರು ಅದನ್ನು ತುಂಬಿಕೊಡದಿದ್ದರೆ ಶಾಖೋಪಚಾರಕ್ಕೆ ಸುರಿದ ಇಂಧನವೆಲ್ಲ ವ್ಯರ್ಥ.

ತಾಮ್ರವು ಬಿಸಿಯಲ್ಲಿಯೂ ಬಲವನ್ನು ಉಳಿಸುತ್ತದೆ, ಲೇತಿನಲ್ಲಿ ಕಡಿಯುವುದನ್ನು ಸುಲಭ ಮಾಡುತ್ತದೆ. ತುಕ್ಕನ್ನು ತಡೆಯುವ ಶಕ್ತಿಯನ್ನು ಮಾತ್ರ ಕುಗ್ಗಿಸುತ್ತದೆ. ನಿಕ್ಕಲ್ ಕೂಡ ಬಿಸಿಯ ಬಲಕ್ಕೆ ಬೇಕು. ಮೊದಲು ಹೇಳಿದ ಪಂಪುಸೆಟ್ಟಿನ ಪಿಸ್ಟನ್ನಿಗೆ ಒಪ್ಪುವ ಎಲ್.ಎಂ. 13 ಎಂಬ ಲೋಹದಲ್ಲಿ ಸಿಲಿಕಾನ್ ಶೇಕಡಾ 10ರಿಂದ 12. ಅದರೊಡನೆ ತಾಮ್ರ, ಮೆಗ್ನೀಸಿಯಂ ತಲಾ ಒಂದರ ಆಸುಪಾಸು, ಜೊತೆಗೆ 1.5ನ್ನು ಮೀರದಂತೆ ನಿಕ್ಕಲ್. ಇಷ್ಟು ಸಿಲಿಕಾನ್ ಇರುವುದರಿಂದ ಬಿಸಿಗೆ ಹಿಗ್ಗುವ ಪ್ರಮಾಣವೂ ಇಳಿಯುತ್ತದೆ. ಒಂದು ಡಿಗ್ರಿಗೆ ಅಲ್ಯೂಮಿನಿಯಂ ಹತ್ತು ಲಕ್ಷದಲ್ಲಿ 23 ಪಾಲು ಹಿಗ್ಗಿದರೆ ಈ ಲೋಹ ಸುಮಾರು 19 ಪಾಲು ಹಿಗ್ಗುತ್ತದೆ. ಬೀಡಿನ ಸಿಲಿಂಡರಿನದು 11ರೊಳಗೆ. ಈ ಅಂತರವು ಕಿರಿದಾದಷ್ಟೂ ಪಿಸ್ಟನ್ನಿನ ಸುತ್ತ ಬಿಡಬೇಕಾದ ಸಂದು ಕಿರಿದಾಗಬಹುದು.

ಕೊನೆಗೆ ಉಳಿದದ್ದು ಕರೆಯದೆ ಬರುವ ಅತಿಥಿ, ಕಬ್ಬಿಣ. ಘನ ಅಲ್ಯೂಮಿನಿಯಂ ಶೇಕಡಾ 0.05ರಷ್ಟು ಕಬ್ಬಿಣವನ್ನು ಮಾತ್ರ ತನ್ನೊಳಗೆ ಕರಗಿಸಿಕೊಳ್ಳಬಲ್ಲದು. ಹೆಚ್ಚಾದದ್ದು ಅಲ್ಯೂಮಿನಿಯಂ ಮತ್ತು ಸಿಲಿಕಾನಿನೊಡನೆ ಸೇರಿ, ಕೊಯ್ದು ನೋಡಿದಾಗ ಸೂಜಿಗಳಂತೆ ಕಾಣುವ ತೆಳ್ಳನೆಯ ತಗಡುಗಳಾಗುತ್ತದೆ. ಸೋಡಿಯಂ ಹಾಕಿ ಸಿಲಿಕಾನಿನ ಹಲ್ಲೆಗಳನ್ನು ಎಷ್ಟೇ ನಯಗೊಳಿಸಿದರೂ ಈ ಸೂಜಿಗಳಿದ್ದರೆ ಲೋಹವು ಬಾಗದೆ ಮುರಿಯುತ್ತದೆ. ಉಕ್ಕಿನ ಅಚ್ಚಿಗೆ ಒತ್ತಡದಿಂದ ಲೋಹವನ್ನು ತುಂಬುವ ಕೆಲಸದಲ್ಲಿ ಮಾತ್ರ, ಎರಕ ಅಚ್ಚಿಗೆ ಅಂಟದಿರಲೆಂದು ಶೇಕಡಾ ಒಂದರ ಸಮೀಪದ ಕಬ್ಬಿಣವನ್ನು ಬೇಕೆಂದೇ ಇರಿಸುತ್ತಾರೆ. ಮರಳಿನ ಎರಕಕ್ಕೆ ಆ ನೆಪವಿಲ್ಲ.

ಸಣ್ಣ ಎರಕದ ಮನೆಗಳ ಅಳಿವು ಉಳಿವಿನ ಪ್ರಶ್ನೆ ಇರುವುದು ಇಲ್ಲಿಯೇ. ಕರ್ನಾಟಕದಲ್ಲಿ 1970ರ ಸುಮಾರಿಗೆ ಬೆಳಗಾವಿಯಲ್ಲಿ ಅಲ್ಯೂಮಿನಿಯಂ ತಯಾರಿಕೆ ಆರಂಭವಾಗಿತ್ತು; ಅಪಾರ ವಿದ್ಯುತ್ತನ್ನು ಬೇಡುವ ಆ ಲೋಹಘಟಕ ನಿಂತು, ಈಗ ಅಲ್ಲಿ ಅಲ್ಯೂಮಿನ ಮಾತ್ರ ಸಿದ್ಧವಾಗುತ್ತದೆ. ಹೊಸ ಗಟ್ಟಿಗಳನ್ನು ದೂರದಿಂದ ಕೊಂಡುತರುವ ಶಕ್ತಿಯಿಲ್ಲದವನು ಹಳೆಯ ಪಿಸ್ಟನ್ನು, ಗೇರುಪೆಟ್ಟಿಗೆಗಳನ್ನು ಗುಜರಿಯಿಂದ ತಂದು ಕರಗಿಸುತ್ತಾನೆ. ಪಿಸ್ಟನ್ನಿನಲ್ಲಿ ಉಳಿದುಹೋದ ಉಕ್ಕಿನ ಪಿನ್ನು, ಉಂಗುರದ ಗಾಡಿಗೆ ಕೂರಿಸಿದ ಬೀಡಿನ ಬಳೆ, ಲೇಪವಿಲ್ಲದ ಕಬ್ಬಿಣದ ಸೌಟು ಎಲ್ಲವೂ ಕರಗಿದ ಅಲ್ಯೂಮಿನಿಯಮ್ಮಿಗೆ ಸ್ವಲ್ಪ ಸ್ವಲ್ಪವಾಗಿ ಕಬ್ಬಿಣವನ್ನು ಬಿಟ್ಟುಕೊಡುತ್ತವೆ. ಸೋಡಿಯಂ ಆರುತ್ತದೆ, ಮೆಗ್ನೀಸಿಯಂ ಉರಿಯುತ್ತದೆ. ಸೇರಿದ ಕಬ್ಬಿಣ ಹೋಗುವುದಿಲ್ಲ. ಪ್ರತಿ ಸಲ ಕರಗಿಸಿದಾಗಲೂ ಅದು ಏರುತ್ತಲೇ ಇರುತ್ತದೆ. ಹೀಗೆ ಎರೆದ ಪಂಪಿನ ಭಾಗವೊಂದು ಭತ್ತ ಹೊಡೆ ಕಟ್ಟುವ ವಾರದಲ್ಲಿ ಸೀಳಿದರೆ, ಅದರ ಬೆಲೆಯನ್ನು ತೆರುವವನು ಎರೆದವನಲ್ಲ, ಗದ್ದೆಯ ಒಡೆಯ.

ಕಬ್ಬಿಣವನ್ನು ತೆಗೆಯಲಾಗದಿದ್ದರೂ ಅದರ ಹಲ್ಲು ಕೀಳಬಹುದು. ಮ್ಯಾಂಗನೀಸನ್ನು ಕಬ್ಬಿಣದ ಅರ್ಧದಷ್ಟು ಸೇರಿಸಿದರೆ ಸೂಜಿಗಳ ಬದಲು ಚೀನೀ ಲಿಪಿಯನ್ನು ಹೋಲುವ ಸುತ್ತುಸುತ್ತಾದ ಕಣಗಳಾಗುತ್ತವೆ. ಅವು ಅಷ್ಟು ಕೆಡುಕು ಮಾಡವು. ಶೇಕಡಾ 0.6 ಕಬ್ಬಿಣವಿರುವ ನೂರು ಕಿಲೋಗ್ರಾಂ ಗುಜರಿಗೆ 0.2 ಕಬ್ಬಿಣವಿರುವ ನೂರು ಕಿಲೋಗ್ರಾಂ ಹೊಸ ಗಟ್ಟಿಯನ್ನು ಕೂಡಿಸಿದರೆ ಕಬ್ಬಿಣ 0.4ಕ್ಕೆ ಇಳಿಯುತ್ತದೆ. ಆಗ ಬೇಕಾದ ಮ್ಯಾಂಗನೀಸ್ 0.2, ಅಂದರೆ ಇನ್ನೂರು ಕಿಲೋಗ್ರಾಮಿಗೆ 400 ಗ್ರಾಂ, ಗುಜರಿಯಲ್ಲಿ ಮೊದಲೇ ಇರುವಷ್ಟನ್ನು ಕಳೆದು. ಹೆಚ್ಚು ಹಾಕಿದರೆ ಭಾರವಾದ ಗಡಸು ಕಣಗಳು ಮೂಸೆಯ ತಳಕ್ಕೆ ಕೆಸರಿನಂತೆ ಕೂರುತ್ತವೆ. ಅವು ಎರಕಕ್ಕೆ ಸೇರಿದರೆ ಲೇತಿನ ಉಳಿಯ ಮೊನೆ ಹೋಗುತ್ತದೆ. ಈ ಲೆಕ್ಕದಲ್ಲಿ ಕಬ್ಬಿಣದ ಒಂದು ಪಾಲಿಗೆ ಮ್ಯಾಂಗನೀಸಿನದನ್ನು ಎರಡರಷ್ಟು, ಕ್ರೋಮಿಯಮ್ಮಿನದನ್ನು ಮೂರರಷ್ಟು ಎಣಿಸುವ ರೂಢಿಯಿದೆ.

ದಾವಣಗೆರೆಗೆ ಇದನ್ನೆಲ್ಲ ಪರೀಕ್ಷಿಸಿ ನೋಡುವ ಅನುಕೂಲ ಹೊಸದಲ್ಲ. ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ್ ಮನೆತನದ ದಾನದಿಂದ 1951ರಲ್ಲಿ ಇಲ್ಲಿ ಇಂಜಿನಿಯರಿಂಗ್ ಕಾಲೇಜು ನೆಲೆಗೊಂಡಿತು. 1979ರಲ್ಲಿ ಬಾಪೂಜಿ ತಾಂತ್ರಿಕ ವಿದ್ಯಾಲಯ ಅದರ ಜೊತೆಗೂಡಿತು. ಪರೀಕ್ಷೆಗೆ ಬೇಕಾದದ್ದು ದೊಡ್ಡ ಯಂತ್ರವೇನಲ್ಲ. ಒಂದೇ ಮೂಸೆಯ ಲೋಹದಿಂದ ಎರಡು ಸರಳುಗಳನ್ನು ಎರೆಯಬೇಕು, ಒಂದನ್ನು ಸ್ಟ್ರಾನ್ಷಿಯಂ ಹಾಕುವ ಮುನ್ನ, ಇನ್ನೊಂದನ್ನು ಹಾಕಿದ ಹತ್ತು ನಿಮಿಷದ ಬಳಿಕ. ಎರಡನ್ನೂ ಅಡ್ಡ ಕೊಯ್ದು, ಮರಳು ಕಾಗದದ ಮೇಲೆ ಒರಟಿನಿಂದ ನಯಕ್ಕೆ ತಿಕ್ಕಿ, ಬಟ್ಟೆಯ ಮೇಲೆ ಕನ್ನಡಿಯಂತೆ ಹೊಳಪಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ಆಮ್ಲವನ್ನು ಸವರದೆಯೂ ಸಿಲಿಕಾನ್ ಬೂದು ಬಣ್ಣದಲ್ಲಿ ತೋರುತ್ತದೆ. ಮೊದಲ ಸರಳಿನಲ್ಲಿ ಒಡೆದ ಗಾಜು, ಎರಡನೆಯದರಲ್ಲಿ ಹಿಟ್ಟು ಚೆಲ್ಲಿದಂತೆ ನವಿರಾದ ಚುಕ್ಕೆಗಳು ಕಾಣುತ್ತವೆ. ಅಲ್ಲಲ್ಲಿ ಇನ್ನಷ್ಟು ತಿಳಿಯಾದ ಬೂದು ಬಣ್ಣದ ಉದ್ದ ಗೆರೆಗಳೂ ಕಂಡರೆ ಅದು ಕಬ್ಬಿಣ. ಸರಳಿನ ಮೂಲ ಯಾವ ರಾಶಿಯ ಗುಜರಿಯೆಂಬುದನ್ನು ಆಗ ಪುಸ್ತಕದಲ್ಲಿ ನೋಡಬೇಕಾಗುತ್ತದೆ, ಬರೆದಿಟ್ಟಿದ್ದರೆ.